ಮೂಗು, ಕರವಸ್ತ್ರ, ಮಷೀನು

ಮದುವೆಯಾದ ಹೊಸತರಲ್ಲಿ ಧರ್ಮರಾಜ ಹೆಂಡತಿ ಗುರುದೇವಿಗೆ ಮಾತು ಕೊಟ್ಟಿದ್ದ: "ನನ್ನ ಸ್ಕೂಟರ್ ಹೊಗೆ ತಪಾಸಣಿಯೊಳಗ ಫೇಲಾದ ದಿನಾನೇ ಮಾರಿಬಿಡ್ತೀನಿ." ಹೊಸ ಹೆಂಡತಿಯ ಎದುರು ಗಂಡಸು ಚಂದ್ರನನ್ನೂ ಕೊಡುತ್ತೇನೆ ಎನ್ನುತ್ತಾನೆ. ಆದರೆ ಚಂದ್ರನಿಗೆ ಹೊಗೆ ತಪಾಸಣೆ ಇಲ್ಲ.

ಈಗ ಸರ್ಟಿಫಿಕೇಟಿನ ಅವಧಿ ಮುಗಿದಿತ್ತು. ಧರ್ಮರಾಜನಿಗೆ ಸ್ಕೂಟರೆಂದರೆ ಪ್ರಾಣ. ಮನೆಯಲ್ಲಾಗಲಿ ಆಫೀಸಿನಲ್ಲಾಗಲಿ, ಅವನು ಹೇಳಿದ ಕಡೆ ತಿರುಗುವುದು ಅದೊಂದೇ.

ಮೊದಲು ತಾನೇ ಒಮ್ಮೆ ನೋಡಿಬಿಡೋಣವೆಂದು ಕಲಬುರಗಿಯ ಮೋಮಿನಪುರದ ಓಣಿಯಲ್ಲಿ ಕಿಕ್ ಹೊಡೆದದ್ದೇ ತಪ್ಪಾಯಿತು. ಎದುರುಮನೆಯ ವಿವೇಕಾನಂದ ಬಿಳಿ ಕರವಸ್ತ್ರ ತಂದು ಸೈಲೆನ್ಸರಿಗೆ ಹಿಡಿದ. ಅದು ರೊಟ್ಟಿ ಹಂಚು ಒರೆಸಿದ ಅರಿವೆಯಂತಾಯಿತು.

"ಫೇಲ್, ಧರ್ಮಣ್ಣ! ಖುಲ್ಲಾ ಫೇಲ್!"

ಪಕ್ಕದ ಮನೆಯ ಖುರ್ಷೀದ್ ಬೇಗಂ ಬಗ್ಗಿ ಮೂಸಿದರು. "ಆ ದಸ್ತಿ ಮೊದಲೇ ಹೊಲಸಿತ್ತು. ಮೂಗೇ ಖರೇ. ನಮ್ಮ ಒಲಿ ಹೊಗಿಗಿ ಕಣ್ಣಾಗ ನೀರು ಬರ್ತಾವ, ಇದಕ್ಕ ಬರಲಿಲ್ಲ. ಪಾಸ್, ಬೇಟಾ!"

ಕರವಸ್ತ್ರದ ಪಕ್ಷ, ಮೂಗಿನ ಪಕ್ಷ ಎಂದು ಓಣಿ ಎರಡಾಯಿತು. ಗುರುದೇವಿ ಬಾಗಿಲಿಂದಲೇ ತೀರ್ಪು ಕೊಟ್ಟಳು: "ಮೂಗೂ ಬ್ಯಾಡ, ಅರಿವಿನೂ ಬ್ಯಾಡ. ಕಮಲಾಪುರಕ್ಕ ನಡೀರಿ. ಅಲ್ಲಿ ಮಷೀನ್ ಅದ, ನಮ್ಮ ಸಿದ್ದು ಇರ್ತಾನ. ಇಲ್ಲಾದ್ರ ನೀವು ಏನರ ಒಳಗಿಂದೊಳಗ ಮಾಡ್ತೀರಿ."

ಕಮಲಾಪುರದಲ್ಲಿ ತಪಾಸಣೆ ವ್ಯಾನಿನ ಬಳಿ ಅವಳ ತಮ್ಮ ಸಿದ್ದಣ್ಣ ಕನ್ನಡಿಯಂತೆ ಹೊಳೆಯುವ ಬೈಕಿನೊಂದಿಗೆ ಕಾದಿದ್ದ. ಅದರದ್ದೂ ಅವಧಿ ಮುಗಿದಿತ್ತಂತೆ. ಎರಡೂ ಗಾಡಿ ಪಕ್ಕಪಕ್ಕ ನಿಂತವು. ಗುರುದೇವಿ ತಮ್ಮನನ್ನು ಕರೆದುಕೊಂಡು ಕೆಂಪು ಬಾಳೆಹಣ್ಣು ಕೊಳ್ಳಲು ಹೋದಳು.

ಧರ್ಮರಾಜನ ಕಣ್ಣ ಮುಂದೆ ಆ ಕಪ್ಪು ಕರವಸ್ತ್ರವೇ ಕುಣಿಯುತ್ತಿತ್ತು. ವ್ಯಾನಿನಲ್ಲಿ ಮಷೀನು ನಡೆಸುವ ಗುಫ್ರಾನನ ಕಿವಿಯಲ್ಲಿ ಪಿಸುಗುಟ್ಟಿದ: "ಭಾಯ್, ಫೋಟೋ ನನ್ನ ನಂಬರ್ ಪ್ಲೇಟಿಂದು ಹೊಡಿ. ಪೈಪ್ ಮಾತ್ರ ಆ ಬೈಕಿನ ಸೈಲೆನ್ಸರಿಗಿ ಹಾಕು."

ಗುಫ್ರಾನ್ ನಕ್ಕ. "ಇವತ್ತ ಎಲ್ಲರಿಗೂ ಏನಾಗ್ಯಾದ ರೀ?"

ಬಾಳೆಹಣ್ಣು ಬರುವುದಕ್ಕೂ ಅವನು ಕೂಗುವುದಕ್ಕೂ ಸರಿಹೋಯಿತು: "ಬೈಕ್ ಪಾಸ್! ಸ್ಕೂಟರ್ ಫೇಲ್!"

ಅದು ನನ್ನ ಸ್ಕೂಟರಿನ ಹೊಗೆಯಲ್ಲ ಎಂದು ಧರ್ಮರಾಜನ ನಾಲಿಗೆಯ ತುದಿಗೆ ಬಂತು. ಮತ್ತೆ ಯಾರದೆಂದು ಹೆಂಡತಿ ಕೇಳುತ್ತಾಳೆ. ನುಂಗಿಕೊಂಡ.

"ಮಾತು ನೆನಪದ ಅಲ್ಲರೀ?" ಎಂದಳು ಗುರುದೇವಿ.

"ಸ್ಕೂಟರ್ ನನಗೇ ಕೊಡ್ರಿ, ಮಾಮಾ," ಎಂದ ಸಿದ್ದಣ್ಣ.

"ಫೇಲಾದ ಗಾಡಿ ನಿನಗ್ಯಾಕೋ?" ಎಂದ ಧರ್ಮರಾಜ.

ಸಿದ್ದಣ್ಣ ಅವನನ್ನು ಬೇವಿನ ಗಿಡದ ಮರೆಗೆ ಎಳೆದ. "ಅಕ್ಕಗ ಹೇಳಬ್ಯಾಡ್ರಿ. ನನ್ನ ಬೈಕ್ ಮ್ಯಾಲ ಅಷ್ಟೇ ಥಳಥಳ, ಎಲ್ಲಿ ಹೋದ್ರೂ ಫೇಲ್. ನೀವು ಬರೋದ್ರೊಳಗ ಗುಫ್ರಾನಗ ಹೇಳಿಟ್ಟಿದ್ದೆ, ಪೈಪ್ ನಿಮ್ಮ ಸ್ಕೂಟರಿಗಿ ಹಾಕು ಅಂತ. ಒಮ್ಮಿಗೇ ಪಾಸ್! ನಿಮ್ಮದು ಹ್ಯಾಂಗ ಫೇಲಾತೋ ದೇವರಿಗೇ ಗೊತ್ತು. ಇಂಥಾ ಸ್ಕೂಟರ್ ಮನ್ಯಾಗ ಇರಬೇಕು ಮಾಮಾ. ತಪಾಸಣಿಗಿ ಬೇಕಾಗ್ತದ."

ಧರ್ಮರಾಜ ಬಾಳೆಹಣ್ಣಿನ ಚೀಲ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕಲಬುರಗಿಗೆ ಬಂದ. ಸ್ಕೂಟರನ್ನು ಸಿದ್ದಣ್ಣನಿಗೇ ಮಾರಿದ್ದ. ಕೊಟ್ಟ ಮಾತು ಉಳಿಸಿಕೊಂಡಿದ್ದ.