ಕಮಲಾಪುರದ ಒಂದು ದಿನದ ಸ್ಟೇಷನ್

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಕುರ್ಚಿ.

ನಿಜಾಮರ ಕಾಲದ ಮಾತು. ಕಲಬುರಗಿಯಲ್ಲಿ ರೈಲು ಕೂಗಲು ಶುರುವಾಗಿ ಎರಡು ತಲೆಮಾರು ಕಳೆದಿತ್ತು. ಆದರೆ ಕಮಲಾಪುರದವರು ಅದರ ಮುಖ ನೋಡಬೇಕೆಂದರೆ ಇಡೀ ಹಗಲು ಎತ್ತಿನ ಗಾಡಿಯಲ್ಲಿ ಕುಲುಕಿಸಿಕೊಂಡು ಹೋಗಬೇಕಿತ್ತು. ಅಂಥ ಊರಿನ ಹೊರಗೆ, ಕಲಬುರಗಿ ದಾರಿಯ ಹುಣಸೆ ಮರದ ಕೆಳಗೆ, ಒಂದು ಬೆಳಿಗ್ಗೆ ಶೇರವಾನಿ ತೊಟ್ಟ ಸಾಹೇಬರೊಬ್ಬರು ಕುರ್ಚಿ ಹಾಕಿಸಿಕೊಂಡು ಕೂತರು. ಮುಂದೆ ಮೇಜು, ಮೇಜಿನ ಮೇಲೆ ಉದ್ದನೆಯ ಪುಸ್ತಕ, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. ಮುಂದೆ ಗಾಡಿ ಹಾಯ್ದರೆ ಪುಸ್ತಕದಲ್ಲಿ ಒಂದು ಗೀಟು.

ಮೊದಲ ಗೀಟು ದೌಲಪ್ಪನದು. ಕಮಲಾಪುರದಿಂದ ಕಲಬುರಗಿಗೆ ಬಾಡಿಗೆ ಗಾಡಿ ಹೊಡೆಯುವವನು ಅವನೊಬ್ಬನೇ. ಅವನ ಎಡಗಡೆಯ ಎತ್ತು ಮಲ್ಯಾನಿಗೆ ಒಂದೇ ಕೊಂಬು. ಕರೆದರೆ ಕೇಳದು, ಹೊಡೆದರೆ ಮರೆತುಬಿಡುವುದು. ಆದರೆ ಹೊಟ್ಟೆಯ ವಿಷಯದಲ್ಲಿ ಅದರಷ್ಟು ಜ್ಞಾಪಕಶಕ್ತಿ ಊರಿನ ಕುಲಕರ್ಣಿಗೂ ಇರಲಿಲ್ಲ. ಅಂದು ಗಾಡಿಯ ತುಂಬ ಕಲಬುರಗಿಯ ಶಹಾಬಜಾರಕ್ಕೆ ಹೊರಟ ಕೆಂಪು ಬಾಳೆಗೊನೆಗಳಿದ್ದವು.

"ಏನ್ ಎಣಸಾಕತ್ತೀರಿ ಸಾಹೇಬ್ರ?" ದೌಲಪ್ಪ ಗಾಡಿ ನಿಲ್ಲಿಸಿ ಕೇಳಿದ.

"ಗಾಡಿ, ಮಂದಿ, ಸಾಮಾನು." ಸಾಹೇಬರ ಹೆಸರು ಇನಾಯತ್ ಅಲಿ, ಕಲಬುರಗಿಯ ಕಚೇರಿಯವರು. "ಈ ಕಡಿ ರೈಲು ಹಾಕಬೇಕೋ ಬ್ಯಾಡೋ ಅಂತ ಸರ್ಕಾರ ವಿಚಾರ ಮಾಡಾಕತ್ತದ. ಸಂಜಿ ತನಕ ಇಲ್ಲಿ ಎಷ್ಟು ಹಾಯ್ತಾವ, ಅಷ್ಟು ಬರಕೋಬೇಕು. ಬಸ್."

ದೌಲಪ್ಪ ಹೆದರಿದ. ರೈಲು ಬಂದರೆ ತನ್ನ ಗಾಡಿ ಯಾರಿಗೆ ಬೇಕು? ಬಡವನ ಭಯ ಮರ್ಯಾದೆಯ ರೂಪದಲ್ಲೇ ಹೊರಗೆ ಬರುತ್ತದೆ. ಅವನು ಒಂದು ದೊಡ್ಡ ಬಾಳೆಯ ಚಿಪ್ಪು ಮುರಿದು ಮೇಜಿನ ಮೇಲಿಟ್ಟು ಕೈಮುಗಿದ. ಸಾಹೇಬರು ಒಂದು ಹಣ್ಣು ತಿಂದು, ಸಿಪ್ಪೆಯನ್ನು ಮಲ್ಯಾನ ಬಾಯಿಗೆ ಹಿಡಿದರು. ಈ ಸಿಪ್ಪೆಯನ್ನು ಓದುವವರು ಮರೆಯಬಾರದು. ಮಲ್ಯಾ ಮರೆಯಲಿಲ್ಲ.

ದೌಲಪ್ಪ ಹಾಗೇ ಮುಂದೆ ಹೋಗಿಬಿಟ್ಟಿದ್ದರೆ ಬಚಾವಾಗುತ್ತಿದ್ದ. ಆದರೆ ಅಷ್ಟು ಭಯವನ್ನು ಒಬ್ಬನೇ ಹೊತ್ತು ಕಲಬುರಗಿಯವರೆಗೆ ಹೋಗುವುದು ಅವನಿಂದಾಗಲಿಲ್ಲ. ಹೆಂಡತಿಗೆ ಹೇಳೋಣವೆಂದು ಗಾಡಿ ತಿರುಗಿಸಿದ. ಮನೆಯ ಮುಂದೆ ಹೆಂಡತಿ ಹಣಮಮ್ಮನಿಗೆ ಹೇಳುತ್ತಿದ್ದಾಗ, ಹಿಂದೆ ನಿಂತು ಕೇಳಿಸಿಕೊಂಡವರು ಬಾಳೆಯ ವ್ಯಾಪಾರಿ ಗುರುಲಿಂಗಪ್ಪ ಸಾವುಕಾರರು. ಗಾಡಿ ಯಾಕೆ ವಾಪಸು ಬಂತೆಂದು ಬೈಯಲು ಬಂದವರು ಬೈಗುಳವನ್ನೇ ಮರೆತರು.

"ರೈಲು! ನಮ್ಮೂರಿಗೆ! ಲೇ ದೌಲ್ಯಾ, ಮುಂಜಾನಿಂದ ಎಷ್ಟು ಗಾಡಿ ಬರಕೊಂಡಾರ?"

"ನಂದೊಂದು ರೀ. ಮತ್ತ ಅಗಸರ ಎರಡು ಕತ್ತಿ ಹೋದ್ವು. ಅವನ್ನ ಬರಕೊಳ್ಳಲಿಲ್ಲ."

ಸಾವುಕಾರರು ತಲೆಯ ಮೇಲೆ ಕೈಹೊತ್ತರು. ಸುಗ್ಗಿಯ ಕಾಲ, ಊರಿನ ಗಾಡಿಗಳೆಲ್ಲ ಜೋಳದ ಹೊಲದಲ್ಲಿದ್ದವು. ಈ ಪುಸ್ತಕ ನೋಡಿದರೆ ಕಮಲಾಪುರದಲ್ಲಿ ಮನುಷ್ಯರೇ ಇಲ್ಲವೆಂದು ಸರ್ಕಾರ ತಿಳಿಯುವುದು ಖಂಡಿತ.

ಆಗ ಉಪಾಯ ಹೇಳಿದವಳು ಸಾವುಕಾರರ ಸೋದರತ್ತೆ ನೀಲಗಂಗಮ್ಮ. ವಯಸ್ಸು ಎಪ್ಪತ್ತು, ಹಲ್ಲು ನಾಲ್ಕು, ಮಾತು ಮಾತ್ರ ಇಡಿಯಾಗಿ ಉಳಿದಿತ್ತು.

"ಬೀಗರು ಮನಿ ನೋಡಾಕ ಬಂದಾಗ ಏನ್ ಮಾಡ್ತೀವೋ ಗುರುಲಿಂಗಾ? ನೆರಿಮನಿ ಹಂಡೇ ತಂದು ನಮ್ಮ ಪಡಸಾಲ್ಯಾಗ ಇಡ್ತೀವಿಲ್ಲೋ? ನಿನ್ನ ನೋಡಾಕ ಬಂದಾಗ ಕೊಟ್ಟಿಗ್ಯಾಗ ನಾಲ್ಕು ಎಮ್ಮಿ ಇದ್ವಲ್ಲ, ಅವು ಯಾರವು?"

ಸಾವುಕಾರರು ಕೆಮ್ಮಿದರು.

"ರೈಲೂ ಬೀಗರಿದ್ದಂಗ. ಮನಿ ತುಂಬಿದ್ದು ಕಂಡ್ರನ ಹೂಂ ಅಂತಾರ. ಇರೋ ಒಂದಾ ಗಾಡಿ ಹತ್ತು ಸಲ ತಿರುಗಿಸ್ರಿ!"

ದಾರಿ ಕೂಡ ಅನುಕೂಲವಾಗಿತ್ತು. ಹುಣಸೆ ಮರ ದಾಟಿ ಹಳ್ಳಕ್ಕೆ ಇಳಿದರೆ, ಬಾಳೆಯ ತೋಟದ ಹಿಂದಿನಿಂದ ಮತ್ತೆ ಊರೊಳಗೆ ಬರಬಹುದು, ಕುರ್ಚಿಗೆ ಕಾಣಿಸುವುದಿಲ್ಲ.

"ಸಾವ್ಕಾರ್ರ, ರೈಲು ಬಂದ್ರ ನನ್ನ ಗಾಡಿ..." ದೌಲಪ್ಪ ಬಾಯಿ ತೆರೆದ.

"ಹುಚ್ಚ ಇದ್ದಿ! ಸ್ಟೇಷನ್ ಆದ್ರ ಹಸರ ಬಾವುಟ ತೋರ್ಸಾಕ ಒಬ್ಬಾಂವ ಬೇಕಲ್ಲ? ನೀಲಿ ಕೋಟು, ಎದಿ ಮ್ಯಾಲ ಹಿತ್ತಾಳಿ ಬಿಲ್ಲೆ. ನಿನ್ನ ಹೆಸರು ನಾನ ಹೇಳ್ತೀನಿ."

"ಎತ್ತು ಏನ್ ತಿನ್ನಬೇಕ್ರಿ ಸಾವ್ಕಾರ್ರ, ಬಾವುಟಾನಾ?" ಹಣಮಮ್ಮ ಬಾಗಿಲ ಮರೆಯಿಂದ ಕೇಳಿದಳು.

ಆದರೆ ಅಷ್ಟರಲ್ಲಿ ಗೊನೆಗಳು ಕೆಳಗಿಳಿದು ಹಿರಿಯರು ಮೇಲೇರಿದ್ದರು. ಊರ ಹಿರಿಯರು ಏರಿ ಕೂತ ಮೇಲೆ ಗಾಡಿ ಯಾರದೆಂದು ಕೇಳುವ ಪದ್ಧತಿ ಇಲ್ಲ.

ಎರಡನೆಯ ಸುತ್ತು ಸಂತೆಗೆ ಹೊರಟವರದು. ಹುಣಸೆ ಮರ ಬಂದದ್ದೇ ತಡ, ಮಲ್ಯಾ ತಾನಾಗಿ ನಿಂತು ಮೇಜಿನ ಕಡೆ ನಾಲಿಗೆ ಚಾಚಿತು. ದೌಲಪ್ಪ ಬಾಲ ತಿರುವಿದ, ಬೇಡಿಕೊಂಡ. ಸಾಹೇಬರು ಸಿಪ್ಪೆ ಕೊಟ್ಟ ಮೇಲೆಯೇ ಗಾಡಿ ಕದಲಿದ್ದು.

ಮೂರನೆಯ ಸುತ್ತಿಗೆ ಸಿಂಪಿಗ ವಹಾಬ್‌ನನ್ನು ಕೌದಿಯಲ್ಲಿ ಸುತ್ತಿ ರೋಗಿ ಮಾಡಿದರು. ಮಲ್ಯಾ ಮತ್ತೆ ನಿಂತಿತು. ದಯಾಳುವಾದ ಸಾಹೇಬರು ನೀರಿನ ಚೊಂಬು ಹಿಡಿದು ಎದ್ದು ಬಂದರು.

"ಅರೆ ಪಾಪ! ಏನಾಗ್ಯದ?"

"ಹೊಟ್ಟಿನೋವು ರೀ," ಎಂದರು ಸಾವುಕಾರರು.

"ಕಾಲು ಮುರದದ ನೋಡ್ರಿ," ಎಂದಳು ನೀಲಗಂಗಮ್ಮ ಅದೇ ಉಸಿರಿಗೆ.

ವಹಾಬ್ ಒಂದು ಕೈ ಹೊಟ್ಟೆಗೂ ಇನ್ನೊಂದು ಮೊಣಕಾಲಿಗೂ ಹಚ್ಚಿ, ಇಬ್ಬರ ಮಾನವನ್ನೂ ಉಳಿಸಿ ನರಳಿದ.

"ಎತ್ತು ಗುರ್ತು ಹತ್ತಾಕತ್ತದ," ಎಂದು ಸಾವುಕಾರರು ಹಳ್ಳದಲ್ಲಿ ಗಾಡಿ ನಿಲ್ಲಿಸಿದರು. ವಹಾಬ್ ಕೌದಿಯಿಂದ ಎದ್ದು, ಹತ್ತಿ ತುಂಬಿದ ಕರಿ ಬಟ್ಟೆಯ ಕೊಂಬು ಹೊಲಿದು ಮಲ್ಯಾನ ತಲೆಗೆ ಕಟ್ಟಿದ. ದೂರದಿಂದ ನೋಡಿದರೆ ಕೊಂಬೇ. ಆದರೆ ಎರಡು ಸುತ್ತು ಆಗುವಷ್ಟರಲ್ಲಿ ಅದು ಜಾರಿ ಕಿವಿಯ ಪಕ್ಕದಲ್ಲಿ ಬದನೆಕಾಯಿಯಂತೆ ತೂಗಾಡತೊಡಗಿತು.

ಏಳನೆಯ ಸುತ್ತು ಮದುವೆಯ ದಿಬ್ಬಣ. ಹಣಮಮ್ಮ ಒಲ್ಲೆನೆಂದಳು. ಉಳಿದ ಹೆಂಗಸರೆಲ್ಲ ಹೊಲದಲ್ಲಿದ್ದದ್ದರಿಂದ ಸೆರಗು ಎಳೆದುಕೊಂಡು ಮದುಮಗಳಾಗಿ ಕೂತವಳು ನೀಲಗಂಗಮ್ಮನೇ. ಮಲ್ಯಾ ಎಂದಿನಂತೆ ಸಿಪ್ಪೆಗೆ ನಿಂತಾಗ ದೂಳು ಮೂಗಿಗೆ ಏರಿ ಮದುಮಗಳು ಕೆಮ್ಮಲು ಹತ್ತಿದಳು.

"ಮದುಮಗಳಿಗೆ ದಮ್ಮು ಅದ ಏನು?" ಸಾಹೇಬರು ಕೇಳಿದರು.

"ತೌರಮನಿ ಬಿಡೋ ದುಃಖ ರೀ," ಎಂದರು ಸಾವುಕಾರರು.

ಸಾಹೇಬರು ದಿಬ್ಬಣದ ಮುಂದೆ ಕುಣಿಯುತ್ತ ಹಲಗೆ ಬಾರಿಸುತ್ತಿದ್ದ ವಹಾಬ್‌ನನ್ನು ಬಹಳ ಹೊತ್ತು ನೋಡಿದರು. "ದವಾ ಭಾಳ ಜಲ್ದಿ ಹತ್ತೇದ," ಎಂದು ಗೀಟು ಎಳೆದರು.

ದೌಲಪ್ಪನಿಗೆ ಪ್ರತಿ ಗೀಟೂ ತನ್ನ ಅನ್ನದ ಮೇಲೆ ಎಳೆದಂತೆ ಕಾಣುತ್ತಿತ್ತು, ಎಳೆಸುತ್ತಿದ್ದವನೂ ತಾನೇ.

ಸಂಜೆಗೆ ಹನ್ನೊಂದು ಗೀಟುಗಳಾದವು. ಸಾಹೇಬರು ಪುಸ್ತಕ ಮುಚ್ಚಿ, "ದೌಲಪ್ಪ, ನಾಳಿ ಮುಂಜಾನೆ ನನ್ನ ಕಲಬುರ್ಗಿಗೆ ಬಿಡು," ಎಂದರು. ಸಾವುಕಾರರು ಆಗಲೇ ಒಂದು ಕಲ್ಲಿಗೆ ಸುಣ್ಣ ಬಳಿಸಿ, 'ಕಮಲಾಪುರ ಸ್ಟೇಷನ್' ಎಂದು ಬರೆಸಿ, ಹುಣಸೆ ಮರದ ಬುಡದಲ್ಲಿ ನೆಡಿಸಿದ್ದರು.

ಮರುದಿನ ಅರ್ಧ ದಾರಿಯಲ್ಲಿ ದೌಲಪ್ಪ ತಡೆಯಲಾರದೆ ಕೇಳಿದ: "ರೈಲು ಯಾವಾಗ ಬರ್ತದ್ರಿ ಸಾಹೇಬ್ರ?"

"ರೈಲು? ಬರೂದಿಲ್ಲ."

ದೌಲಪ್ಪನ ಕೈಯಿಂದ ಹಗ್ಗ ಜಾರಿತು.

"ಗಾಡಿ ಕಡಿಮಿ ಇರೋ ಕಡಿ ಮೊದಲು ರೈಲು ಕೊಡ್ರಿ ಅಂತ ಹುಕುಂ ಅದ. ನಿಮ್ಮೂರಾಗ ತುಂಬಿದ ಸುಗ್ಗ್ಯಾಗನ ಹನ್ನೊಂದು ಬಾಡಿಗಿ ಗಾಡಿ! ಇಂಥಾ ಅನುಕೂಲಸ್ಥ ಊರಿಗೆ ರೈಲು ಯಾಕ ಬೇಕು?"

"ಸಾಹೇಬ್ರ, ಸುಳ್ಳ ಯಾಕ ಹೇಳ್ಲಿ, ಅದೆಲ್ಲಾ ಒಂದಾ ಗಾಡಿ..."

"ಗೊತ್ತದ ಬಿಡೋ! ಬದನಿಕಾಯಿ ಕೊಂಬಿನ ಎತ್ತು ಜಿಲ್ಲಾದಾಗ ಎಷ್ಟಿರ್ತಾವ? ಆದ್ರ ಹಾಯೂದನ್ನ ಎಣಸು ಅಂತ ಹುಕುಂ. ಒಂದನ್ನ ಎರಡು ಸಲ ಎಣಸಬ್ಯಾಡ ಅಂತ ಯಾವ ಕಾಗದದಾಗೂ ಬರದಿಲ್ಲ."

ದೌಲಪ್ಪನ ಎದೆಯ ಮೇಲೆ ಹಿಂದಿನ ದಿನದಿಂದ ನಿಂತಿದ್ದ ರೈಲು, ಡಬ್ಬಿಗಳ ಸಮೇತ ಇಳಿದು ಹೋಯಿತು. ಗಾಳಿ ತಂಪಾಯಿತು, ಗಾಡಿ ಹಗುರಾಯಿತು. ಅವನು ಬೀಸುವ ಪದ ಹಾಡಿದ. ಬೀಸುವ ಪದ ಹೆಂಗಸರದೆಂಬುದೂ ನೆನಪಾಗಲಿಲ್ಲ. ಸಾಹೇಬರಿಗೆ ರೊಟ್ಟಿ ಪುಂಡಿಪಲ್ಯ ಬಿಚ್ಚಿ ಕೊಟ್ಟ. ಮಲ್ಯಾನನ್ನಂತೂ "ನನ್ನಪ್ಪಾ, ನನ್ನ ಅನ್ನದಾತಾ" ಎಂದು ಕರೆದ.

ಹೊತ್ತು ಮುಳುಗುವಾಗ ಶಹಾಬಜಾರ ಬಂತು. ಸಾಹೇಬರು ಇಳಿದು ಸೊಂಟ ಒತ್ತಿಕೊಂಡರು.

"ಶುಕ್ರಿಯಾ ದೌಲಪ್ಪ. ಮುಂದಿನ ಸಲ ನಿನಗ ಈ ತ್ರಾಸ ಕೊಡೂದಿಲ್ಲ."

"ನನಗೆಂಥಾ ತ್ರಾಸ ರೀ! ಯಾವಾಗ ಬೇಕಾದ್ರೂ ಬರ್ರಿ, ನನ್ನ ಗಾಡಿ ಅದ."

"ಇಲ್ಲ ಇಲ್ಲ, ಮೋಟಾರಿನ್ಯಾಗ ಬರ್ತೀನಿ. ಇಷ್ಟು ಮಂದಿ ಓಡಾಡೋ ದಾರಿಗೆ ಮೋಟಾರು ಬಸ್ಸು ಹಾಕಲೇಬೇಕಂತ ಬರದೀನಿ. ಹಳಿ ಬ್ಯಾಡ, ಸ್ಟೇಷನ್ ಬ್ಯಾಡ. ದಸರಾಕ್ಕ ಶುರು."

ದೌಲಪ್ಪ ಗಾಡಿಯ ನೊಗ ಹಿಡಿದುಕೊಂಡ. "ಎ...ಎಲ್ಲಿ ನಿಲ್ತದ್ರಿ ಅದು?"

"ಹುಣಸಿ ಮರದ ಕೆಳಗ! ಅದಕ್ಕಿಂತ ಛಲೋ ಜಾಗ ಎಲ್ಲದ? ಹೊಡದ್ರೂ ಬಡದ್ರೂ ಹನ್ನೊಂದಕ್ಕ ಹನ್ನೊಂದು ಗಾಡಿ ಅಲ್ಲೇ ನಿಂತಾವ ಅಂತ ಬರದೀನಿ."

ಮರುದಿನ ಸಂಜೆ ದೌಲಪ್ಪ ಖಾಲಿ ಗಾಡಿಯಲ್ಲಿ ಊರಿಗೆ ಮರಳಿದಾಗ, ಸುಣ್ಣ ಬಳಿದ ಕಲ್ಲಿನ ಪಕ್ಕ ಸಾವುಕಾರರು, ನೀಲಗಂಗಮ್ಮ, ವಹಾಬ್ ಸಾಲಾಗಿ ಕಾಯುತ್ತಿದ್ದರು. ಹಣಮಮ್ಮ ಸ್ವಲ್ಪ ದೂರದಲ್ಲಿ ಸೆರಗಿನ ತುದಿ ಹಿಂಡುತ್ತ ನಿಂತಿದ್ದಳು. ಯಾರೂ ತಡೆಯುವ ಮೊದಲೇ ಮಲ್ಯಾ ಮರದ ಕೆಳಗೆ ತಾನಾಗಿ ನಿಂತಿತು.

"ಏನಂದ್ರೋ ಸಾಹೇಬ್ರು?"

"ರೈಲು ಬರೂದಿಲ್ಲಂತ್ರಿ."

"ಯಲ್ಲಮ್ಮ ತಾಯಿ ಕಾಪಾಡಿದ್ಳು!" ಹಣಮಮ್ಮ ಅಲ್ಲಿಂದಲೇ ಕೈಮುಗಿದಳು. ಅವಳ ಮುಖದಲ್ಲಿ ಎರಡು ದಿನದ ಮೇಲೆ ನಗೆ ಮೂಡಿತ್ತು. ಅದನ್ನು ಅಳಿಸುವ ಧೈರ್ಯವಾಗದೆ ದೌಲಪ್ಪ ಮುಂದಿನ ಮಾತನ್ನು ಸಾವುಕಾರರ ಕಿವಿಯಲ್ಲಿ ಮಾತ್ರ ಹೇಳಿದ.

"ಮೋಟಾರಾ?" ಸಾವುಕಾರರ ಕಣ್ಣು ಅರಳಿತು. "ನಡೀತದ! ಬಾಳಿಹಣ್ಣಿಗೆ ಅದೂ ನಡೀತದ! ಮತ್ತ ಬಾವುಟದ ನೌಕರಿ?"

"ಅದನ್ನ ಇವಗ ಕೊಡ್ರಿ," ದೌಲಪ್ಪ ಬಾರುಕೋಲಿನಿಂದ ಮಲ್ಯಾನನ್ನು ತೋರಿಸಿದ. "ಜಾಗ ತೋರ್ಸಿದಾಂವ ಇವನಾ."

ಮನೆಗೆ ಹೋಗೋಣವೆಂದು ಅವನು ಹಗ್ಗ ಎಳೆದ. ಮಲ್ಯಾ ಕದಲಲಿಲ್ಲ. ಸಿಪ್ಪೆ ಸಿಗುವವರೆಗೆ ಗಾಡಿ ಇಲ್ಲಿ ನಿಲ್ಲತಕ್ಕದ್ದು ಎಂಬುದು ಈಗ ಸರ್ಕಾರಿ ಪುಸ್ತಕದಲ್ಲೇ ಇತ್ತಲ್ಲ.