ನನ್ನ ಜರಿಗಿಡದ ಮೇಲೆ ಪವಡಿಸುವ ಗೂಳಿರಾಯರಿಗೆ

ಮಾನ್ಯರೇ,

ಕಾಶಿಯ ಗಲ್ಲಿಗಳೆಲ್ಲ ಸ್ವಂತದ್ದೆಂದು ಭಾವಿಸಿ, ಎದುರು ಬಂದ ಸ್ಕೂಟರುಗಳನ್ನು ಹಿಮ್ಮೆಟ್ಟಿಸಿ, ಮಿಠಾಯಿ ಅಂಗಡಿಗಳಲ್ಲಿ ಕರೆಯದೆಯೇ ಸತ್ಕಾರ ಪಡೆಯುವ ತಮ್ಮ ಸನ್ನಿಧಿಗೆ, ನಮ್ಮ ಕನ್ನಡದವರ ಮಠದ ಅಡುಗೆಮನೆಯನ್ನೂ ಹಿತ್ತಿಲನ್ನೂ ನೋಡಿಕೊಳ್ಳುವ ತಾರಾದೇವಿಯ ಶರಣು ಶರಣಾರ್ಥಿಗಳು.

ತಾವು ದಿನಾ ಮಧ್ಯಾಹ್ನ ಮೈಚಾಚುವ ಆ ತಣ್ಣನೆಯ ಜಾಗ ಹಾಸಿಗೆಯಲ್ಲ, ನನ್ನ ಜರಿಗಿಡದ ಮಡಿ. ಇಲ್ಲಿಯವರು ಹಂಸರಾಜ ಅನ್ನುವ ಆ ಗಿಡ ಮಠದ ಹಳೆಯ ಬಾವಿಯ ಒಳಗೋಡೆಯಲ್ಲಿ ತಾನಾಗಿ ಬೆಳೆದಿತ್ತು. ಬಾವಿಗೆ ಕಾಂಕ್ರೀಟ್ ಮುಚ್ಚಳ ಬೀಳುವ ಮುನ್ನ ನನ್ನ ಕೈಗೆ ಸಿಕ್ಕಿದ್ದು ಮೂರೇ ಬುಡ. ಬೇವಿನ ನೆರಳಿನಲ್ಲಿ ಎಲೆಗೊಬ್ಬರ, ಇಟ್ಟಿಗೆಚೂರು ಹಾಕಿ ನೆಟ್ಟು, ಬೇಸಿಗೆಯಲ್ಲಿ ಲೂ ಎಂಬ ಬಿಸಿಗಾಳಿಗೆ ಗೋಣಿಚೀಲ ಅಡ್ಡ ಕಟ್ಟಿ, ದಿನಕ್ಕೆ ಮೂರು ಸಲ ನೀರು ಚಿಮುಕಿಸಿ ಹಸುಗೂಸಿನ ಹಾಗೆ ಸಾಕಿದೆ. ಎರಡು ಬುಡಗಳ ಮೇಲೆ ತಾವು ಕೃಪೆದೋರಿ ಕುಳಿತಿರಿ. ಉಳಿದಿರುವುದು ಒಂದು, ಅದೂ ಹೋದರೆ ಮತ್ತೆ ತರಲು ಬಾವಿಯೇ ಇಲ್ಲ. ಹೊಟ್ಟೆ ಉರಿಯುತ್ತದೆ ಸ್ವಾಮಿ!

ನಾನು ಪೊರಕೆ ಹಿಡಿದಾಗಲೆಲ್ಲ ನಮ್ಮ ಪೂಜಾರಿ ವೀರಯ್ಯನವರು “ಎಬ್ಬಸಬ್ಯಾಡ್ರೀ ಅಕ್ಕಾರ, ಸಾಕ್ಷಾತ್ ನಂದಿ ಮಲಗ್ಯಾನ” ಎಂದು ಓಡಿಬಂದು ಕೊಂಬುಗಳ ನಡುವಿನ ತಮ್ಮ ಹಣೆಗೆ ವಿಭೂತಿ ಹಚ್ಚುತ್ತಾರೆ. ಮೂರು ದಿನ ಸಾರಿಗೆ ಉಪ್ಪು ಹಾಕದೆ ಹಟ ಹಿಡಿದ ಮೇಲೆ ಗಿಡದ ಸುತ್ತ ಬೇಲಿಗೆ ಒಪ್ಪಿಗೆ ಸಿಕ್ಕಿತು. ಆದರೆ ಬಿದಿರು ಕಟ್ಟುವವನು ಬಂದ ಹೊತ್ತಿಗೆ ತಾವು ನಿದ್ರಿಸುತ್ತಿದ್ದಿರಿ. “ಬಾಬಾ ಭಿತರೇ ರಹಿಹೇಂ ಕಾ?” ಎಂದು, ಅಂದರೆ ಬಾಬಾ ಒಳಗೇ ಇರುತ್ತಾರಾ ಎಂದು, ಪಾಪ ಅವನು ಕೇಳಿದ; ಮಲಗಿದ ನಂದಿಯನ್ನು ಎಬ್ಬಿಸುವುದುಂಟೇ ಎಂದು ವೀರಯ್ಯನವರು ನಿದ್ದೆಯಲ್ಲಿದ್ದ ತಮ್ಮ ಸುತ್ತಲೇ ಬೇಲಿ ಕಟ್ಟಿಸಿದರು. ಈಗ ತಾವು ಒಳಗೆ, ನಾನು ಹೊರಗೆ; ಹುಲ್ಲು, ಬೆಲ್ಲ ಎಲ್ಲವೂ ಬೇಲಿಯ ಮೇಲಿಂದ ತಮಗೆ ಸಲ್ಲುತ್ತಿವೆ.

ಆದ್ದರಿಂದ ತಾವು ದಯಮಾಡಿ ಎಡತೊಡೆಯನ್ನು ಒಂದು ಗೇಣು ಸರಿಸಬೇಕು, ಬಿಡುವಾಗಿರುವ ಬಾಲದಿಂದ ದಿನಕ್ಕೆರಡು ಸಲ ಗಿಡಕ್ಕೆ ನೀರು ಚಿಮುಕಿಸಬೇಕು, ಸಾಧ್ಯವಾದರೆ ಸೇತುವೆ ದಾಟಿ ಗಂಗೆಯ ಆಚೆ ದಡದ ರಾಮನಗರದಲ್ಲೊಂದು ಚಾತುರ್ಮಾಸ್ಯ ಕೈಗೊಳ್ಳಬೇಕು ಎಂದು ಬೇಡಿಕೊಳ್ಳುತ್ತೇನೆ.

ಬೇಲಿಯಾಚೆ ನಿಂತೇ ಇರುವ,
ತಮ್ಮ ವಿಶ್ವಾಸಿ,
ತಾರಾದೇವಿ

ವಿ.ಸೂ.: ತಮ್ಮಿಂದ ಉತ್ತರ ಬಾರದ ಕಾರಣ, ತಾವು ಬೆಲ್ಲ ಮೆಲ್ಲುವಾಗ ಬಿದಿರಿನ ಸಂದಿಯಲ್ಲಿ ಕೈ ತೂರಿಸಿ ಆ ಕೊನೆಯ ಬುಡವನ್ನು ಕಿತ್ತು ತಂದೆ. ಮಠದ ಗುಡಿಯ ಹೊರಗೆ ಅಭಿಷೇಕದ ನೀರು ಹರಿದು ಬರುವ ಕಡೆ, ಕಲ್ಲಿನ ನಂದಿಯ ಮರೆಯಲ್ಲಿ ನೆಟ್ಟಿದ್ದೇನೆ. ಇವತ್ತು ಒಂದು ಹೊಸ ಎಲೆ ಸುರುಳಿ ಬಿಚ್ಚಿದೆ. ಆ ನಂದಿ ಎಷ್ಟು ಕಾಲದಿಂದ ಅಲ್ಲಿ ಕೂತಿದ್ದಾನೋ, ಯಾರ ಗಿಡದ ಮೇಲೂ ಕೂತವನಲ್ಲ. ದೇವರಾಗುವುದು ಅಂದರೆ ಹಾಗೆ, ಕಲಿತುಕೊಳ್ಳಿ.