ಕಿಡಿ ಕೊಡದ ದಂಡಿಗನಹಳ್ಳಿ ಜೀಪು

ಮೆಕ್ಯಾನಿಕ್‌ನನ್ನು ಮದುವೆಯಾದವಳು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಸ್ಟಾರ್ಟ್ ಆಗದ ಗಾಡಿಯೊಂದು ಬಾಗಿಲಿಗೆ ಬಂದು ನಿಂತರೆ ಸಾಕು, ಊರಿನ ಬುದ್ಧಿಯೆಲ್ಲ ಅದರ ಹಿಂದೆಯೇ ಬರುತ್ತದೆ. ನಮ್ಮದು ಶಾಂತಿಗ್ರಾಮದ ಹತ್ತಿರ, ಹೆದ್ದಾರಿ ಪಕ್ಕದ ಗ್ಯಾರೇಜು. ಮುಂದೆ ಗ್ರೀಸು, ಹಿಂದೆ ಮನೆ. ನಾನು ಹತ್ತನೇ ಕ್ಲಾಸು ಓದಿದವಳು, ಎರಡು ವರ್ಷದ ಮಗಳ ತಾಯಿ. ಗ್ಯಾರೇಜಿನಲ್ಲಿ ನನ್ನ ಹುದ್ದೆ ಕೀ ತಿರುಗಿಸುವುದು. ನಮ್ಮವರು ಬಾನೆಟ್ಟಿನೊಳಗೆ ತಲೆ ಹಾಕಿ "ಹೊಡಿ" ಅಂದರೆ ಹೊಡೆಯಬೇಕು, "ಸಾಕು" ಅಂದರೆ ಬಿಡಬೇಕು. ಹೋದ ವರ್ಷ ಒಂದೇ ಜೀಪಿಗೆ ನಾಲ್ಕು ದಿನ ಹೀಗೆ ಹೊಡೆದೆ.

೧. ಮಾತು ಕೊಟ್ಟದ್ದು

ಬುಧವಾರ ದಂಡಿಗನಹಳ್ಳಿಯ ಕೊಬ್ಬರಿ ವ್ಯಾಪಾರಿಯೊಬ್ಬರು ತಮ್ಮ ಹಳೇ ಪೆಟ್ರೋಲ್ ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದರು. ಅದು ಕೊಬ್ಬರಿ ಹೇರುವ ಜೀಪಲ್ಲ. ಗೆಳೆಯರ ಜೊತೆ ಕೆಸರಿಗೆ ಇಳಿಸಿ ಗುಡ್ಡ ಹತ್ತಿಸುವ ಶೋಕಿಯ ಜೀಪು. ಹಿಂದಿನ ಪಂದ್ಯದಲ್ಲಿ ಅದನ್ನು ಮಗುಚಿಕೊಂಡು ಬಲಗೈ ಮುರಿದುಕೊಂಡಿದ್ದರು. ಈ ಭಾನುವಾರ ಅರಕಲಗೂಡು ಕಡೆ ಮತ್ತೆ ಪಂದ್ಯ.

"ಎಂಜಿನ್ ತಿರುಗ್ತದೆ, ಅತ್ಕೊಳಾಕಿಲ್ಲ ಕಣಪ್ಪ" ಅಂದರು. "ಶನಿವಾರ ಸಂಜೆಯೊಳ್ಗೆ ಗುಡುಗ್ಬೇಕು. ಇಲ್ಲಾಂದ್ರೆ ಇದೊಂದೇ ಅಲ್ಲ, ನಮ್ ಗುಂಪಿನ ಎಂಟು ಜೀಪೂ ಹಾಸನದ ಗ್ಯಾರೇಜಿಗೆ ಓಯ್ತವೆ."

ಎಂಟು ಜೀಪು ಅಂದರೆ ನಮ್ಮ ಮನೆಯ ಅರ್ಧ ಅನ್ನ. ನಮ್ಮವರು ಬಾನೆಟ್ಟನ್ನೂ ಎತ್ತದೆ, "ಶನಿವಾರ ಯಾಕಣ್ಣಾ, ಶುಕ್ರವಾರವೇ ಬನ್ನಿ" ಅಂದುಬಿಟ್ಟರು.

ನನಗೇನೂ ಆಶ್ಚರ್ಯವಾಗಲಿಲ್ಲ. ನಮ್ಮ ಮದುವೆ ಮಾತುಕತೆಯಲ್ಲೂ ಹೀಗೇ, ಮನೆಗೆ ಮಹಡಿ ಇದೆ ಅಂದಿದ್ದರು. ಬಂದು ನೋಡಿದರೆ ಏಣಿ ಇತ್ತು.

೨. ನಿಂಬೆಹಣ್ಣು

ಪೆಟ್ರೋಲ್ ಗಾಡಿಗೆ ಮೊದಲ ಪರೀಕ್ಷೆ ಸುಲಭ. ಪ್ಲಗ್ ಬಿಚ್ಚಿ, ವೈರಿಗೆ ಸಿಕ್ಕಿಸಿ, ಎಂಜಿನ್ನಿನ ಮೈಗೆ ತಾಗಿಸಿ ಹಿಡಿಯಬೇಕು. ಕೀ ತಿರುಗಿಸಿದರೆ ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಹಾರಬೇಕು. ನಮ್ಮವರು ಹಿಡಿದರು, ನಾನು ತಿರುಗಿಸಿದೆ. ಕಿಡಿ ಇಲ್ಲ. ಹೊಸ ಪ್ಲಗ್ ಹಾಕಿದರು. ಅದಕ್ಕೂ ಇಲ್ಲ.

ಅಷ್ಟರಲ್ಲಿ ನಮ್ಮತ್ತೆ ಉಪ್ಪು, ಮೆಣಸಿನಕಾಯಿ ಹಿಡಿದು ಬಂದರು. "ಇಷ್ಟು ದೊಡ್ಡ ಟೈರು ನೋಡುದ್ರೆ ಯಾರ್ ಕಣ್ಣು ಬೀಳಾಕಿಲ್ಲ?" ಅಂತ ಜೀಪಿಗೆ ದೃಷ್ಟಿ ತೆಗೆದು, ಮುಂದಿನ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, "ಈಗ ಒಡಿ ಕಣಮ್ಮಿ" ಅಂದರು.

ಗೇರ್ ಬಿದ್ದಿದ್ದನ್ನು ನಾನು ನೋಡಿರಲಿಲ್ಲ. ಕೀ ತಿರುಗಿಸಿದ್ದೇ ಜೀಪು ಧಡಕ್ಕನೆ ಮುಂದಕ್ಕೆ ನೆಗೆಯಿತು. ನಿಂಬೆಹಣ್ಣು ಪಚಕ್ ಅಂತು. ನಮ್ಮವರು ಪ್ಲಗ್ ಬಿಟ್ಟು ಪಕ್ಕಕ್ಕೆ ಹಾರಿದರು. ಎಂಜಿನ್ ಮಾತ್ರ ಹತ್ತಿಕೊಳ್ಳಲಿಲ್ಲ.

ಅತ್ತೆ ಚಪ್ಪಾಳೆ ತಟ್ಟಿದರು. "ನೋಡ್ದೇನ್ಲಾ! ನಿನ್ ಸ್ಪ್ಯಾನರ್‌ಗೆ ಮಿಸುಕ್ದೇ ಇದ್ದುದ್ದು ನನ್ ನಿಂಬೆಹಣ್ಗೆ ಒಂದು ಮೊಳ ಬಂತು. ತಡಿ, ಇನ್ನೊಂದು ಚೀಲ ತತ್ತೀನಿ, ಅರಕಲಗೂಡ್‌ಗಂಟ ಓಯ್ತದೆ."

೩. ಹೊಳೆನರಸೀಪುರದ ಗುರುಗಳು

ಶುಕ್ರವಾರಕ್ಕೆ ಕಿಡಿ ಹುಟ್ಟಿಸುವ ಕಾಯಿಲ್ ಬದಲಾಯಿತು, ಕಂಡೆನ್ಸರ್ ಬದಲಾಯಿತು, ಪಾಯಿಂಟ್ ಉಜ್ಜಿದ್ದಾಯಿತು. ಕಾಯಿಲಿಗೆ ಕರೆಂಟು ಬರುತ್ತಿದೆ, ಕಾಯಿಲಿನಿಂದ ಕಿಡಿ ಹೊರಡುತ್ತಿಲ್ಲ. ಕಾಯಿಲಿನ ಹತ್ತಿರ ಒಂದು ಹೆಚ್ಚಿನ ವೈರಿತ್ತು. "ಶೋಕಿಯವರು, ಮೀಟರು ಗೀಟರು ಅಂತ ಏನೇನೋ ಎಳ್ಕೊಂಡಿರ್ತಾರೆ" ಅಂತ ನಮ್ಮವರು ಅದನ್ನು ಭಕ್ತಿಯಿಂದ ಇದ್ದ ಜಾಗಕ್ಕೇ ಸೇರಿಸಿದರು.

ಕೊನೆಗೆ ತಮಗೆ ಕೆಲಸ ಕಲಿಸಿದ ಹೊಳೆನರಸೀಪುರದ ಗುರುಗಳಿಗೆ ಫೋನ್ ಹಚ್ಚಿದರು. ಅವರು, "ಫೋನು ಎಂಜಿನ್ ಅತ್ರ ಇಟ್ಟು ಒಡಿಸ್ಲಾ, ಸೌಂಡ್ ಕೇಳ್ತೀನಿ" ಅಂದರು. ನನಗೆ ಒಲೆ ಮುಂದೆ ಕೆಲಸವಿತ್ತು. ಕೀ ತಿರುಗಿಸಲು ಅತ್ತೆಯನ್ನು ಕೂರಿಸಿ ಒಳಗೆ ಹೋದೆ. ಅತ್ತೆ ಇನ್ನೂ ಕೀ ಎಲ್ಲಿದೆ ಅಂತ ಹುಡುಕುತ್ತಿರುವಾಗಲೇ ಫೋನಿನಿಂದ ಕೂಗು ಬಂತು: "ಸಿಕ್ತು ಕಣ್ಲಾ! ಬೇರಿಂಗ್ ಓಗದೆ! ಬಿಚ್ಚು ಎಂಜಿನ್ನ!"

ಅದು ಅಡುಗೆಮನೆಯಲ್ಲಿ ನಾನು ಚಟ್ನಿಗೆ ಹಾಕಿದ್ದ ಮಿಕ್ಸಿಯ ಸದ್ದು.

ಗುರುಗಳನ್ನು ಆಡಿಕೊಳ್ಳಬಾರದು. ವಾರ ಕಳೆಯುವುದರೊಳಗೆ ಮಿಕ್ಸಿಯ ಬೇರಿಂಗ್ ನಿಜವಾಗಿಯೂ ಹೋಯಿತು.

೪. ಜರಿ ಅಂಚು

ಶನಿವಾರ ಮಧ್ಯಾಹ್ನ. ಶುಕ್ರವಾರದ ಮಾತು ಆಗಲೇ ತಪ್ಪಿತ್ತು, ನಮ್ಮವರ ಮುಖದಲ್ಲೂ ಕಿಡಿ ಇರಲಿಲ್ಲ. ನಾನು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೀ ಹಿಡಿದು ಕೂತಿದ್ದೆ. ಅವಳ ಬಿಸ್ಕತ್ತು ಪಕ್ಕದ ಸೀಟಿನ ಕೆಳಗೆ ಬಿತ್ತು. ಬಗ್ಗಿದೆ. ಅಲ್ಲಿ ಮನೆಯ ಗೋಡೆಗೆ ಹಾಕುವಂಥ ಒಂದು ಸ್ವಿಚ್ಚು. ಅದರಿಂದ ಹೊರಟ ವೈರು ಬಾನೆಟ್ಟಿನ ಕಡೆ ಹೋಗಿತ್ತು. ವೈರನ್ನು ಕಂಬಿಗೆ ಕಟ್ಟಿದ್ದು ರವಿಕೆ ಬಟ್ಟೆಯ ಜರಿ ಅಂಚಿನಿಂದ. ನಾಲ್ಕು ದಿನ ಬಾನೆಟ್ಟಿನಲ್ಲಿ ತಲೆಯಿಟ್ಟವರಿಗೆ ಸೀಟಿನ ಕೆಳಗೇನಿದೆ ಅಂತ ಹೇಗೆ ಗೊತ್ತಾಗಬೇಕು?

ಅದೇ ಹೊತ್ತಿಗೆ ಜೀಪಿನವರು ಹೆಂಡತಿಯನ್ನು ಕರೆದುಕೊಂಡು ಬಂದರು. ಅವರು ಬಾನೆಟ್ಟಿನ ಕಡೆ ನಡೆದರು. ಆಕೆಯ ಕಣ್ಣು ನೇರ ಸೀಟಿನ ಕೆಳಗೆ ಹೋಯಿತು. ಕಾಫಿ ನೆಪ ಹೇಳಿ ಆಕೆಯನ್ನು ಅಡುಗೆಮನೆಗೆ ಕರೆದೊಯ್ದೆ.

"ಅಕ್ಕಾ, ಜರಿ ಚೆನ್ನಾಗಿದೆ. ಎಲ್ಲಿ ತಗೊಂಡ್ರಿ?"

ಆಕೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನಮ್ಮಣ್ಣ ಮನೆ ವೈರಿಂಗ್ ಮಾಡ್ತಾನೆ ಕಣವ್ವ, ಅವ್ನ ಕೈಲಿ ಆಕ್ಸಿದ್ದು. ಸ್ವಿಚ್ ಅಮುಕುದ್ರೆ ಕಿಡಿಗೆ ಓಗೋ ಕರೆಂಟು ಜೀಪಿನ ಮೈಗೆ ಇಳಿದೋಯ್ತದಂತೆ. ಇವ್ರು ಕೈ ಮುರ್ಕೊಂಡಾಗ ಮೂರು ತಿಂಗ್ಳು ಬಾಯಿಗೆ ತುತ್ತಿಟ್ಟೋಳು ನಾನು. ಕಟ್ಟು ಬಿಚ್ಚುದ್ ಕೈಲಿ ಮೊದ್ಲು ಏನ್ ಮುಟ್ಟುದ್ರು ಗೊತ್ತಾ? ಸ್ಟೇರಿಂಗು!"

"ನಿಮ್ಮ ಕಷ್ಟ ಸರಿ ಅಕ್ಕಾ. ಆದ್ರೆ ಇವತ್ತು ಇದು ಸ್ಟಾರ್ಟ್ ಆಗ್ದಿದ್ರೆ ಎಂಟು ಜೀಪೂ ಹೋಗ್ತವೆ. ನಿಮ್ ಯಜಮಾನ್ರ ಕೈ ಉಳಿಸೋಕೆ ನಮ್ ಯಜಮಾನ್ರ ಕೈ ಕಡೀತೀರಾ?"

ಆಕೆ ಕಾಫಿ ಮುಗಿಸಿ ಲೋಟ ಕೆಳಗಿಟ್ಟರು. "ಪಂದ್ಯದಾಗೆ ಪಕ್ಕದ್ ಸೀಟ್ನಲ್ಲಿ ನಾನು ಕೂರ್ಬೋದಾ?"

"ಯಾರು ಬೇಕಾದ್ರೂ ಕೂರ್ಬೋದು."

"ಸ್ವಿಚ್ಚು ಕಾಲಿಗೆ ಸಿಕ್ತದಾ?"

"ಹಿಮ್ಮಡಿಗೆ ಸಿಗುತ್ತೆ."

ನಾನು ಹೋಗಿ ಸೀಟಿನಲ್ಲಿ ಕೂತು, ಬಗ್ಗಿ ಸ್ವಿಚ್ಚು ಆಫ್ ಮಾಡಿದೆ. ನಮ್ಮವರು ಬೇಸತ್ತು ಸ್ಪ್ಯಾನರಿನಿಂದ ಕಾಯಿಲಿಗೆ ಟಣ್ ಅಂತ ಒಂದು ಕೊಟ್ಟು, "ಹೊಡಿ" ಅಂದರು. ಹೊಡೆದೆ. ಜೀಪು ಗುಡುಗಿತು.

ನಮ್ಮವರು ಒಮ್ಮೆ ಎಂಜಿನ್ ನೋಡಿದರು, ಒಮ್ಮೆ ಸ್ಪ್ಯಾನರ್ ನೋಡಿದರು. ಆ ಸ್ಪ್ಯಾನರನ್ನು ಈಗ ಯಾರೂ ಮುಟ್ಟುವ ಹಾಗಿಲ್ಲ. ಅದನ್ನು ತೂಗುಹಾಕಲು ಗೋಡೆಗೆ ಬೇರೆ ಮೊಳೆಯನ್ನೇ ಹೊಡೆದಿದ್ದಾರೆ.

೫. ಜೀಪಿಗೆ ಬಂದ ಬುದ್ಧಿ

ಸೋಮವಾರ ಬೆಳಿಗ್ಗೆಯೇ ಜೀಪಿನವರು ಬಂದರು. ಎಂಟು ಜೀಪಿನ ಗತಿ ಏನಾಯಿತೋ ಅಂತ ನಾನು ಒಲೆ ಬಿಟ್ಟು ಬಾಗಿಲಿಗೆ ಬಂದೆ.

"ಏನಪ್ಪಾ ನಿನ್ ರಿಪೇರಿ!" ಅಂದರು. "ಚಪ್ಪಟೆ ನೆಲದಾಗೆ ಕುದುರೆ ಅಂಗೆ ಓಡ್ತು. ದೊಡ್ಡ ಹಳ್ಳ ಬಂತು, ಮುಂದ್ಲ ಚಕ್ರ ಇಳಿಯಾಕೆ ಮುಂಚೆ ಆಫ್. ನಮ್ಮನೆಯೋಳು 'ನೀರು ಕುಡೀರಿ, ತಣ್ಣಗಾಗ್ಲಿ' ಅಂದ್ಲು. ಕುಡುದ್ ಮ್ಯಾಲೆ, 'ಆ ಸುತ್ತಿನ ದಾರೀಲಿ ಓಗನ' ಅಂದ್ಲು. ಆ ಕಡೆ ತಿರುಗ್ಸುದ್ರೆ ಒಂದೇ ಸಲಕ್ಕೆ ಸ್ಟಾರ್ಟು! ಮೂರು ಸಲ ಇಂಗೇ ಆಯ್ತು. ಕೊನೇಗ್ ಬಂದ್ವಿ. ಆದ್ರೆ ಮೈಮೇಲೆ ಒಂದು ಗೀರಿಲ್ಲ ಕಣಪ್ಪ. ಪಂದ್ಯಕ್ ಬಂದ ಮಿಕ್ಕೋರಲ್ಲಿ ಇಬ್ರು ಆಸ್ಪತ್ರೇಲವ್ರೆ."

ನಮ್ಮವರು ಗಂಭೀರವಾಗಿ ತಲೆಯಾಡಿಸಿ, "ಅದು ಹೀಟ್ ಪ್ರಾಬ್ಲಮ್ಮು ಅಣ್ಣಾ. ಎಂಜಿನ್ ಕಾದ್ರೆ ತಾನೇ ನಿಲ್ಲುತ್ತೆ. ಗಾಡಿಗೆ ಒಳ್ಳೇದು" ಅಂದರು. ಜೀಪಿನವರು ಅದನ್ನು ಹೋದಲ್ಲೆಲ್ಲ ಹೇಳಿಕೊಂಡು ಬಂದರು.

ಮಂಗಳವಾರದಿಂದ ನನ್ನ ಫೋನಿಗೆ ಗೊತ್ತಿಲ್ಲದ ನಂಬರಿನ ಕರೆಗಳು. ಎಲ್ಲ ಹೆಂಗಸರ ದನಿ, ಎಲ್ಲ ಆ ಗುಂಪಿನ ಜೀಪಿನವರ ಮನೆಯವರೇ. ಕೇಳುತ್ತಿದ್ದದ್ದೂ ಒಂದೇ ಮಾತು:

"ಅಕ್ಕಾ, ನಮ್ಮನೆ ಜೀಪು ಚೆನ್ನಾಗೇ ಅದೆ. ಅದಕ್ಕೂ ಆ ಹೀಟ್ ಪ್ರಾಬ್ಲಮ್ಮು ಹಾಕ್ಕೊಡಾಕಾಯ್ತದಾ?"